ಈ ಪ್ಲಗಿನ್‌ಗೆ ನಾಳೆ ಅಪ್‌ಡೇಟ್ ಕಳಿಸುವವರು ಯಾರು?

(ವರ್ಡ್‌ಪ್ರೆಸ್ ಸೈಟ್ ನಡೆಸುವವರ ಮುಂದೆ ಆಡಿದ ಮಾತಿನ ಬರಹ ರೂಪ. ಮಾತಿನ ಭರದಲ್ಲಿ ಬಿಟ್ಟುಹೋದ ಕೆಲವು ವಿವರಗಳನ್ನು ಬರೆಯುವಾಗ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಫೋನಿಗೆ ಹೊಸ ಆಪ್ ಹಾಕಿದರೆ ಅದು ಮೊದಲು ಅನುಮತಿ ಕೇಳುತ್ತದೆ. ಕ್ಯಾಮೆರಾ ಬೇಕು, ಕಾಂಟ್ಯಾಕ್ಟ್ ಬೇಕು, ಲೊಕೇಶನ್ ಬೇಕು ಅನ್ನುತ್ತದೆ. ಬೇಡ ಅಂದರೆ ಫೋನೇ ಅದನ್ನು ತಡೆಯುತ್ತದೆ. ವರ್ಡ್‌ಪ್ರೆಸ್ ಅಂದರೆ ವೆಬ್‌ಸೈಟ್ ಕಟ್ಟಿ ನಡೆಸುವ ತಂತ್ರಾಂಶ, ಪ್ಲಗಿನ್ ಅಂದರೆ ಅದಕ್ಕೆ ಹೊಸ ಸೌಲಭ್ಯ ಸೇರಿಸುವ ಕೋಡ್. ಈ ಪ್ಲಗಿನ್ ಏನನ್ನೂ ಕೇಳುವುದಿಲ್ಲ. ಆಕ್ಟಿವೇಟ್ ಒತ್ತಿದ ಕ್ಷಣದಿಂದ ಅದರ ಪಿಎಚ್‌ಪಿ ಕೋಡ್ ವರ್ಡ್‌ಪ್ರೆಸ್‌ನ ಸ್ವಂತ ಕೋಡಿನ ಪಕ್ಕದಲ್ಲೇ, ಅಷ್ಟೇ ಅಧಿಕಾರದಿಂದ ಓಡುತ್ತದೆ. ಡೇಟಾಬೇಸಿನ ಯಾವ ಟೇಬಲ್ ಬೇಕಾದರೂ ಓದಬಹುದು, ತಿದ್ದಬಹುದು. ಡೇಟಾಬೇಸ್ ಪಾಸ್‌ವರ್ಡ್ ಇರುವ ಡಬ್ಲ್ಯೂಪಿ-ಕಾನ್ಫಿಗ್ ಫೈಲ್ ತೆರೆಯಬಹುದು. ಹೊಸ ಅಡ್ಮಿನ್ ಖಾತೆ ಹುಟ್ಟಿಸಬಹುದು. ಹೊರಗಿನ ಯಾವುದೋ ಸರ್ವರ್‌ಗೆ ಏನು ಬೇಕಾದರೂ ಕಳಿಸಬಹುದು. ಪುಟದ ಕೆಳಗೆ ನಾಲ್ಕು ಶೇರ್ ಬಟನ್ ತೋರಿಸುವ ಪ್ಲಗಿನ್‌ಗೂ ಇಷ್ಟೇ ಅಧಿಕಾರ, ಆನ್‌ಲೈನ್ ಮಾರಾಟದ ಲೆಕ್ಕವನ್ನೆಲ್ಲ ನೋಡುವ ಪ್ಲಗಿನ್‌ಗೂ ಇಷ್ಟೇ ಅಧಿಕಾರ. ಮಾಡುವ ಕೆಲಸ ಚಿಕ್ಕದು, ಹಾಗಾಗಿ ಅಪಾಯವೂ ಚಿಕ್ಕದು ಅನ್ನುವ ಲೆಕ್ಕ ಇಲ್ಲಿ ನಡೆಯುವುದಿಲ್ಲ.

ಇಲ್ಲಿ ಕೂತಿರುವ ಬಹಳ ಜನರಿಗೆ ಇದು ಗೊತ್ತು. ಇದರ ಜೊತೆಗೆ ಇನ್ನೊಂದು ವಿಷಯ ಇದೆ, ಅದನ್ನು ನಾವು ಮರೆಯುತ್ತೇವೆ. ಇವತ್ತು ನೀವು ಹಾಕಿಕೊಳ್ಳುವುದು ಇವತ್ತಿನ ಕೋಡ್. ಮುಂದಿನ ತಿಂಗಳು ಅಪ್‌ಡೇಟ್ ಬರುತ್ತದೆ, ಆಮೇಲೆ ಇನ್ನೊಂದು ಬರುತ್ತದೆ. ಅವನ್ನು ಬರೆಯುವವರು ಇವತ್ತಿನ ಲೇಖಕರೇ ಆಗಿರಬೇಕು ಅಂತೇನೂ ಇಲ್ಲ. ಹಾಗಾಗಿ ಒಂದು ಪ್ಲಗಿನ್ ಸುರಕ್ಷಿತವೇ ಅಂತ ಯಾರಾದರೂ ಕೇಳಿದರೆ ನಾನು ಕೋಡ್ ತೆರೆಯುವ ಮೊದಲು ಅದು ಯಾರ ಕೈಯಲ್ಲಿದೆ ಅಂತ ನೋಡುತ್ತೇನೆ.

ಕೈ ಬದಲಾದ ಎರಡು ಪ್ಲಗಿನ್‌ಗಳು

ಡಿಸ್‌ಪ್ಲೇ ವಿಜೆಟ್ಸ್ ಅಂತ ಒಂದು ಪ್ಲಗಿನ್ ಇತ್ತು. ಯಾವ ವಿಜೆಟ್ (ಪುಟದ ಬದಿಯಲ್ಲಿ ಕೂರುವ ಸಣ್ಣ ಚೌಕ) ಯಾವ ಪುಟದಲ್ಲಿ ಕಾಣಬೇಕು ಅಂತ ಆರಿಸುವುದು, ಅಷ್ಟೇ ಅದರ ಕೆಲಸ. ಸುಮಾರು 2 ಲಕ್ಷ ಸೈಟ್‌ಗಳಲ್ಲಿತ್ತು. ಅದರ ಮೇಲೆ ಯಾರಿಗೂ ದೂರಿರಲಿಲ್ಲ. 2017ರಲ್ಲಿ ಮೂಲ ಲೇಖಕರು ಅದನ್ನು ಮಾರಿದರು. ಕೊಂಡವರು ಕೆಲವೇ ವಾರಗಳಲ್ಲಿ ಹೊಸ ಆವೃತ್ತಿ ಬಿಟ್ಟರು. ಅದರಲ್ಲಿ ಸಂದರ್ಶಕರ ಊರು ಪತ್ತೆ ಹಚ್ಚುವ ಹೆಸರಿನಲ್ಲಿ ಒಂದು ಫೈಲ್ ಸೇರಿತ್ತು. ಆ ಫೈಲಿನ ಮೂಲಕ ಹೊರಗಿನವರು ನಿಮ್ಮ ಸೈಟಿನಲ್ಲಿ ತಮಗೆ ಬೇಕಾದ ಸ್ಪ್ಯಾಮ್ ಪುಟಗಳನ್ನು ಪ್ರಕಟಿಸಬಹುದಿತ್ತು.

ಕೆಟ್ಟ ಬುದ್ಧಿ ಎಷ್ಟು ನಾಜೂಕಾಗಿತ್ತು ನೋಡಿ. ಲಾಗಿನ್ ಆದವರಿಗೆ ಆ ಪುಟಗಳು ಕಾಣುತ್ತಲೇ ಇರಲಿಲ್ಲ. ಸೈಟಿನ ಮಾಲೀಕರು ಸಾಮಾನ್ಯವಾಗಿ ಲಾಗಿನ್ ಆಗಿಯೇ ಸೈಟ್ ನೋಡುವುದು, ಅಲ್ವಾ? ಅವರ ಕಣ್ಣಿಗೆ ಎಲ್ಲ ಸರಿಯಾಗಿತ್ತು. ಗೂಗಲ್‌ಗೆ ಮತ್ತು ಹೊರಗಿನ ಓದುಗರಿಗೆ ಮಾತ್ರ ಸ್ಪ್ಯಾಮ್ ಕಾಣುತ್ತಿತ್ತು. ದೂರು ಬಂದ ಮೇಲೆ ವರ್ಡ್‌ಪ್ರೆಸ್ ಡಾಟ್ ಆರ್ಗ್ ಅದನ್ನು ತನ್ನ ಡೈರೆಕ್ಟರಿಯಿಂದ, ಅಂದರೆ ಪ್ಲಗಿನ್ ಇಳಿಸಿಕೊಳ್ಳುವ ಅಧಿಕೃತ ಪಟ್ಟಿಯಿಂದ, ತೆಗೆಯಿತು. ಕೊಂಡವರು ಸರಿಪಡಿಸಿದ್ದೇವೆ ಅಂತ ಹೇಳಿ ವಾಪಸ್ ಬಂದರು, ಮತ್ತೆ ಅದೇ ಕಥೆ. ಹೀಗೆ ಒಂದಕ್ಕಿಂತ ಹೆಚ್ಚು ಬಾರಿ ಆದ ಮೇಲೆ, ಆ ವರ್ಷದ ಸೆಪ್ಟೆಂಬರ್‌ನಲ್ಲಿ ಡೈರೆಕ್ಟರಿಯವರು ಅದಕ್ಕೆ ಪೂರ್ತಿ ಬಾಗಿಲು ಹಾಕಿದರು.

ಅದೇ ವರ್ಷ ಡಿಸೆಂಬರ್‌ನಲ್ಲಿ ಕ್ಯಾಪ್ಚಾ ಎಂಬ ಪ್ಲಗಿನ್‌ಗೂ ಇದೇ ಆಯಿತು. ಸುಮಾರು 3 ಲಕ್ಷ ಸೈಟ್‌ಗಳು. ಮಾಲೀಕರು ಬದಲಾದ ಮೇಲೆ ಬಂದ ಅಪ್‌ಡೇಟ್ ಹೊರಗಿನ ಒಂದು ಸೈಟಿನಿಂದ ಜಿಪ್ ಫೈಲ್ ಎಳೆದುಕೊಂಡು, ಅದರ ಮೂಲಕ ಹಿಂಬಾಗಿಲು, ಅಂದರೆ ಒಳಗೆ ಬರಲು ಕಳ್ಳದಾರಿ, ಇಡುತ್ತಿತ್ತು. ಆ ಹಿಂಬಾಗಿಲಿನಿಂದ ಬಂದವರು ಯೂಸರ್ ಐಡಿ 1 ಆಗಿ ಲಾಗಿನ್ ಆಗಬಹುದಿತ್ತು. ಬಹುತೇಕ ಸೈಟ್‌ಗಳಲ್ಲಿ ಐಡಿ 1 ಅಂದರೆ ಮೊದಲ ಅಡ್ಮಿನ್.

ಈ ಎರಡೂ ಪ್ಲಗಿನ್‌ಗಳನ್ನು ಇನ್‌ಸ್ಟಾಲ್ ಮಾಡುವ ದಿನ ನೀವು ಕೋಡನ್ನು ಸಾಲು ಸಾಲಾಗಿ ಓದಿದ್ದರೂ ತಪ್ಪು ಸಿಗುತ್ತಿರಲಿಲ್ಲ. ಆ ದಿನ ಅಲ್ಲಿ ತಪ್ಪು ಇರಲೇ ಇಲ್ಲ.

"ಡೈರೆಕ್ಟರಿಯಲ್ಲಿ ಪರಿಶೀಲನೆ ಮಾಡುತ್ತಾರಲ್ಲ" ಅಂತ ಕೇಳುವವರಿದ್ದಾರೆ. ಮಾಡುತ್ತಾರೆ. ಹೊಸ ಪ್ಲಗಿನ್ ಸೇರಿಸುವಾಗ ಅಲ್ಲಿನ ತಂಡ ಕೋಡ್ ನೋಡುತ್ತದೆ, ಚೆನ್ನಾಗಿಯೇ ನೋಡುತ್ತದೆ. ಆದರೆ ಆಮೇಲೆ ಬರುವ ಪ್ರತಿಯೊಂದು ಅಪ್‌ಡೇಟನ್ನು ಯಾರೂ ಕೂತು ಓದುವುದಿಲ್ಲ. ಹತ್ತಾರು ಸಾವಿರ ಪ್ಲಗಿನ್ ಇರುವ ಕಡೆ ಅದು ಆಗುವ ಮಾತೂ ಅಲ್ಲ. ಅಪ್‌ಡೇಟ್ ಕಳಿಸುವವರ ಮೇಲೆ ನಂಬಿಕೆ ಇಡುವುದೇ ಈ ವ್ಯವಸ್ಥೆಯ ತಳಪಾಯ.

ಮಾರಾಟ ಆಗಬೇಕು ಅಂತಲೂ ಇಲ್ಲ. 2024ರ ಜೂನ್‌ನಲ್ಲಿ ಸೋಶಿಯಲ್ ವಾರ್‌ಫೇರ್ ಸೇರಿ ಕೆಲವು ಪ್ಲಗಿನ್‌ಗಳಲ್ಲಿ, ಹೊಸ ಅಡ್ಮಿನ್ ಖಾತೆ ಮಾಡಿಕೊಳ್ಳುವ ಕೋಡ್ ಸಿಕ್ಕಿತು. ಲೇಖಕರು ಅದನ್ನು ಬರೆದಿರಲಿಲ್ಲ. ಬೇರೆ ಕಡೆ ಸೋರಿಹೋಗಿದ್ದ ಪಾಸ್‌ವರ್ಡನ್ನೇ ಅವರು ಇಲ್ಲೂ ಬಳಸಿದ್ದರು. ಅದನ್ನು ಹಿಡಿದು ಯಾರೋ ಅವರ ಖಾತೆಗೆ ನುಗ್ಗಿ ಅಪ್‌ಡೇಟ್ ಬಿಟ್ಟಿದ್ದರು. ಅದೇ ವರ್ಷ ಅಕ್ಟೋಬರ್ 1ರಿಂದ ಡೈರೆಕ್ಟರಿಗೆ ಕೋಡ್ ಕಳಿಸುವವರಿಗೆಲ್ಲ ಎರಡು ಹಂತದ ಲಾಗಿನ್ ಕಡ್ಡಾಯವಾಯಿತು. ಬಹಳ ಹಿಂದೆಯೇ ಆಗಬೇಕಿತ್ತು ಅಂತ ನನ್ನ ಅನಿಸಿಕೆ.

ಪ್ಲಗಿನ್ ಪುಟದಲ್ಲಿ ಏನು ನೋಡುವುದು

ಅದಕ್ಕೂ ಮೊದಲು ಒಂದು ಮಾತು. ಪ್ಲಗಿನ್ ನಿಜವಾಗಿಯೂ ಬೇಕಾ? ಹೆಡರ್‌ನಲ್ಲಿ ಎರಡು ಸಾಲು ಸೇರಿಸಲು, ಒಂದು ಬಣ್ಣ ಬದಲಾಯಿಸಲು ಪ್ಲಗಿನ್ ಬೇಡ. ಚೈಲ್ಡ್ ಥೀಮ್‌ನಲ್ಲಿ (ಸೈಟಿನ ವಿನ್ಯಾಸಕ್ಕೆ ನಮ್ಮ ಬದಲಾವಣೆ ಸೇರಿಸುವ ಜಾಗ) ಮುಗಿಯುತ್ತದೆ. ಇದನ್ನು ಎಲ್ಲರೂ ಹೇಳುತ್ತಾರೆ, ಹಾಗಾಗಿ ಎಳೆಯುವುದಿಲ್ಲ.

ಬೇಕೇ ಬೇಕು ಅಂತಾದರೆ ಪ್ಲಗಿನ್‌ನ ಪುಟ ತೆರೆಯಿರಿ. ಎಲ್ಲರ ಕಣ್ಣು ಮೊದಲು ಹೋಗುವುದು ಆಕ್ಟಿವ್ ಇನ್‌ಸ್ಟಾಲ್‌ಗಳ ಸಂಖ್ಯೆಯ ಮೇಲೆ. ನನ್ನ ಪ್ರಕಾರ ಆ ಪುಟದಲ್ಲಿ ಎಲ್ಲಕ್ಕಿಂತ ಕಡಿಮೆ ಉಪಯೋಗದ ಅಂಕಿ ಅದೇ. ಸೈಟಿನ ವೇಗ ಹೆಚ್ಚಿಸುವ ಲೈಟ್‌ಸ್ಪೀಡ್ ಕ್ಯಾಶ್ ಪ್ಲಗಿನ್ 50 ಲಕ್ಷಕ್ಕೂ ಜಾಸ್ತಿ ಸೈಟ್‌ಗಳಲ್ಲಿದೆ. 2024ರ ಆಗಸ್ಟ್‌ನಲ್ಲಿ ಅದರಲ್ಲಿ ಒಂದು ದೋಷ ಬಯಲಾಯಿತು. ಒಳಗಿನ ಒಂದು ಕೆಲಸಕ್ಕೆ ಅದು ಬಳಸುತ್ತಿದ್ದ ಗುಪ್ತ ಸಂಕೇತಕ್ಕೆ ಸಾಧ್ಯವಿದ್ದ ರೂಪಗಳು ಬರೀ 10 ಲಕ್ಷ. ಕಂಪ್ಯೂಟರ್‌ಗೆ 10 ಲಕ್ಷ ಅಂದರೆ ಏನೇನೂ ಅಲ್ಲ. ಒಂದೊಂದಾಗಿ ಪ್ರಯತ್ನಿಸುತ್ತಾ ಹೋದರೆ ಅಡ್ಮಿನ್ ಆಗಬಹುದಿತ್ತು. 6.4 ಆವೃತ್ತಿಯಲ್ಲಿ ಸರಿಪಡಿಸಿದರು. ಜಾಸ್ತಿ ಜನ ಬಳಸುತ್ತಾರೆ ಅಂದರೆ ಜಾಸ್ತಿ ಜನ ತೂತು ಹುಡುಕುತ್ತಿದ್ದಾರೆ ಅಂತಲೂ ಅರ್ಥ. ಒಳ್ಳೆಯವರೂ ಹುಡುಕುತ್ತಾರೆ, ಕೆಟ್ಟವರೂ ಹುಡುಕುತ್ತಾರೆ.

ಕಡೆಯ ಅಪ್‌ಡೇಟ್ ಯಾವಾಗ ಬಂತು ಅನ್ನುವುದು ಅದಕ್ಕಿಂತ ಮೇಲು. ಆದರೂ ಅದೊಂದನ್ನೇ ನಂಬಬೇಡಿ. 'ಟೆಸ್ಟೆಡ್ ಅಪ್ ಟು' ಅಂತ ಇರುವ ವರ್ಡ್‌ಪ್ರೆಸ್ ಆವೃತ್ತಿಯ ಸಂಖ್ಯೆಯನ್ನು ಯಾವ ಯಂತ್ರವೂ ಪರೀಕ್ಷೆ ಮಾಡಿ ಹಾಕುವುದಿಲ್ಲ. ಲೇಖಕರು ರೀಡ್‌ಮಿ ಫೈಲಿನಲ್ಲಿ ತಾವೇ ಬರೆಯುವ ಒಂದು ಸಾಲು ಅದು. ಸುಮ್ನೆ ಆ ಸಂಖ್ಯೆ ಬದಲಾಯಿಸಿ ಹೊಸ ಆವೃತ್ತಿ ಬಿಡುವವರೂ ಇದ್ದಾರೆ.

ಹಾಗಾಗಿ ಚೇಂಜ್‌ಲಾಗ್, ಅಂದರೆ ಪ್ರತಿ ಆವೃತ್ತಿಯಲ್ಲಿ ಏನು ಬದಲಾಯಿತು ಅನ್ನುವ ಪಟ್ಟಿ, ಓದಿ. ನಾನು ಇಲ್ಲಿ ನಿಧಾನ ಮಾಡುತ್ತೇನೆ. ಪ್ರತಿ ಆವೃತ್ತಿಗೂ "ಸಣ್ಣಪುಟ್ಟ ದೋಷ ಸರಿಪಡಿಸಲಾಗಿದೆ" ಅಂತ ಒಂದೇ ಸಾಲು ಅಂಟಿಸುತ್ತಾ ಹೋಗಿದ್ದರೆ ನನಗೆ ಅನುಮಾನ. ಯಾವ ಫಾರ್ಮ್‌ನಲ್ಲಿ ಯಾವ ಲೋಪ ಇತ್ತು, ಯಾರು ತಿಳಿಸಿದರು, ಯಾವ ಆವೃತ್ತಿಯಲ್ಲಿ ಸರಿಯಾಯಿತು ಅಂತ ಬರೆದಿದ್ದರೆ ಆ ಲೇಖಕರ ಮೇಲೆ ಗೌರವ ಹೆಚ್ಚುತ್ತದೆ. ಬಹಳ ಜನ "ಸೆಕ್ಯುರಿಟಿ ಫಿಕ್ಸ್" ಅನ್ನುವ ಪದ ಕಂಡ ಕೂಡಲೇ ಹೆದರಿ ಬೇರೆ ಪ್ಲಗಿನ್ ಹುಡುಕುತ್ತಾರೆ. ಆ ಬೇರೆ ಪ್ಲಗಿನ್‌ನಲ್ಲಿ ದೋಷವೇ ಇಲ್ಲ ಅಂತಲ್ಲ. ಅದನ್ನು ಯಾರೂ ಇನ್ನೂ ನೋಡಿಯೇ ಇಲ್ಲದಿರಬಹುದು.

ಚೇಂಜ್‌ಲಾಗ್ ಜೊತೆಗೆ ಸಪೋರ್ಟ್ ಭಾಗಕ್ಕೆ ಹೋಗಿ. ಕಳೆದ ಎರಡು ತಿಂಗಳಲ್ಲಿ ಬಂದ ಸಮಸ್ಯೆಗಳಲ್ಲಿ ಎಷ್ಟು ಬಗೆಹರಿದಿವೆ ಅಂತ ಪುಟದಲ್ಲೇ ಇರುತ್ತದೆ. ಅಂಕಿಗಿಂತ ಉತ್ತರಗಳ ಧಾಟಿ ನೋಡಿ. "ಅಪ್‌ಡೇಟ್ ಆದ ಮೇಲೆ ನನ್ನ ಸೈಟಿನಲ್ಲಿ ಗೊತ್ತಿಲ್ಲದ ಲಿಂಕ್ ಕಾಣುತ್ತಿದೆ" ಅಂತ ಯಾರೋ ಬರೆದಿದ್ದು, ಅದಕ್ಕೆ ತಿಂಗಳಾದರೂ ಉತ್ತರ ಇಲ್ಲ ಅಂದರೆ ಅಲ್ಲೇ ನಿಲ್ಲಿ. ಒಂದು ಸ್ಟಾರ್ ಕೊಟ್ಟವರ ವಿಮರ್ಶೆಗಳನ್ನು ಹೊಸದರಿಂದ ಹಳೆಯದಕ್ಕೆ ಓದಿ. ಐದು ಸ್ಟಾರಿನವು ಬಹುಪಾಲು "ತುಂಬಾ ಚೆನ್ನಾಗಿದೆ" ಅಷ್ಟೇ.

ಮಾಲೀಕತ್ವ ಬದಲಾಗಿದೆಯಾ ಅಂತ ತಿಳಿಯಲು ಇಲ್ಲೇ ಸುಳಿವು ಸಿಗುತ್ತದೆ. ವರ್ಷಗಟ್ಟಲೆ ಒಂದೇ ಹೆಸರಿದ್ದ ಕಡೆ ಈಗ ಬೇರೆ ಹೆಸರು ಇದೆಯಾ? ಬಹಳ ದಿನ ಮಲಗಿದ್ದ ಪ್ಲಗಿನ್‌ಗೆ ಇದ್ದಕ್ಕಿದ್ದಂತೆ ಅಪ್‌ಡೇಟ್‌ಗಳು ಸಾಲುಸಾಲಾಗಿ ಬರುತ್ತಿವೆಯಾ? ಡೆವಲಪ್‌ಮೆಂಟ್ ಭಾಗದಲ್ಲಿ ಕೋಡಿನ ಪೂರ್ತಿ ಇತಿಹಾಸ ತೆರೆದೇ ಇದೆ. ಯಾವ ದಿನ ಯಾವ ಖಾತೆ ಯಾವ ಸಾಲು ಬದಲಾಯಿಸಿತು ಅಂತ ಯಾರು ಬೇಕಾದರೂ ನೋಡಬಹುದು. ಮಾರಾಟ ಅಂದ ಕೂಡಲೇ ಮೋಸ ಅಂತಲ್ಲ. ಲೇಖಕರಿಗೆ ಸುಸ್ತಾಗಿ ಒಳ್ಳೆಯ ಕಂಪನಿಗೆ ಕೊಟ್ಟ ಉದಾಹರಣೆಗಳೂ ಬೇಕಾದಷ್ಟಿವೆ. ಆದರೆ ಕೈ ಬದಲಾದ ಮೇಲೆ ಹಳೆಯ ಒಳ್ಳೆಯ ಹೆಸರು ಹೊಸಬರಿಗೆ ಅನ್ವಯಿಸುವುದಿಲ್ಲ. ಅವರನ್ನು ಹೊಸಬರ ಹಾಗೇ ನೋಡಿ.

ಡೈರೆಕ್ಟರಿಯಿಂದ ಮುಚ್ಚಿದ ಪ್ಲಗಿನ್‌ಗಳ ಪುಟದಲ್ಲಿ 'ಕ್ಲೋಸ್ಡ್' ಅನ್ನುವ ಸೂಚನೆ ಇರುತ್ತದೆ. ಭದ್ರತೆಯ ಕಾರಣವೋ, ನಿಯಮ ಮುರಿದಿದ್ದೋ, ಲೇಖಕರೇ ಕೇಳಿ ಮುಚ್ಚಿಸಿದ್ದೋ ಅಂತ ಕಾರಣವೂ ಆಮೇಲೆ ಕಾಣಿಸುತ್ತದೆ. ನಿಮ್ಮ ಸೈಟಿನಲ್ಲಿ ಆಗಲೇ ಇರುವ ಪ್ಲಗಿನ್ ಹೀಗೆ ಮುಚ್ಚಿಹೋದರೆ ವರ್ಡ್‌ಪ್ರೆಸ್ ಡ್ಯಾಶ್‌ಬೋರ್ಡ್ ತಾನಾಗಿ ನಿಮಗೆ ಎಚ್ಚರಿಕೆ ಕೊಡುತ್ತದೆ ಅಂತ ನಂಬಿ ಕೂರಬೇಡಿ. ಅಪ್‌ಡೇಟ್ ಬರುವುದು ನಿಲ್ಲುತ್ತದೆ, ಅಷ್ಟೇ. ಅಪ್‌ಡೇಟ್ ಬಾಕಿ ಇಲ್ಲ ಅಂದರೆ ಎಲ್ಲ ಸರಿ ಇದೆ ಅಂತ ನಾವು ಅಂದುಕೊಂಡಿರುತ್ತೇವೆ.

ದೋಷಗಳ ಪಟ್ಟಿ ಓದುವ ಬಗೆ

ಇನ್ನು ಐದು ನಿಮಿಷದ ಕೆಲಸ ಒಂದಿದೆ. ಡಬ್ಲ್ಯೂಪಿಸ್ಕ್ಯಾನ್, ಪ್ಯಾಚ್‌ಸ್ಟ್ಯಾಕ್, ವರ್ಡ್‌ಫೆನ್ಸ್ ಇವರೆಲ್ಲ ಪ್ಲಗಿನ್ ದೋಷಗಳ ಪಟ್ಟಿ ಇಟ್ಟಿದ್ದಾರೆ. ಹೆಸರು ಹಾಕಿ ಹುಡುಕಿದರೆ ಹಳೆಯದೆಲ್ಲ ಬರುತ್ತದೆ. ಅಲ್ಲಿ ಎಷ್ಟು ದೋಷ ಇದೆ ಅಂತ ಎಣಿಸಲು ಹೋಗಬೇಡಿ. ಎರಡು ವಿಷಯ ನೋಡಿ.

ಮೊದಲನೆಯದು, ಸರಿಪಡಿಸದೇ ಬಿಟ್ಟದ್ದು ಏನಾದರೂ ಇದೆಯಾ? ಇದ್ದರೆ ಮಾತು ಮುಗಿಯಿತು, ಹಾಕಬೇಡಿ. ಎರಡನೆಯದು, ಆ ದೋಷವನ್ನು ಬಳಸಲು ದಾಳಿ ಮಾಡುವವರಿಗೆ ಯಾವ ಮಟ್ಟದ ಖಾತೆ ಬೇಕಿತ್ತು? "ಅಡ್ಮಿನ್ ಆಗಿದ್ದರೆ ಮಾತ್ರ" ಅಂತ ಇದ್ದರೆ ಅಷ್ಟು ತಲೆ ಕೆಡಿಸಿಕೊಳ್ಳಬೇಕಿಲ್ಲ. ಅಡ್ಮಿನ್‌ಗೆ ಹೇಗಿದ್ದರೂ ಎಲ್ಲ ಅಧಿಕಾರ ಇದೆ. "ಲಾಗಿನ್ ಬೇಕಿಲ್ಲ" ಅಂತ ಇದ್ದರೆ ಅದು ಗಂಭೀರ. ನಡುವೆ 'ಸಬ್‌ಸ್ಕ್ರೈಬರ್' ಅಂತ ಒಂದು ಮಟ್ಟ ಇದೆ, ಅಲ್ಲಿ ಜನ ಮೋಸ ಹೋಗುತ್ತಾರೆ. ಸೈಟಿನಲ್ಲಿ ಯಾರು ಬೇಕಾದರೂ ನೋಂದಣಿ ಮಾಡಿಕೊಳ್ಳಬಹುದು ಅಂತಾದರೆ, ಸಬ್‌ಸ್ಕ್ರೈಬರ್ ಮಟ್ಟದ ದೋಷಕ್ಕೂ ಲಾಗಿನ್ ಬೇಡದ ದೋಷಕ್ಕೂ ಇರುವ ವ್ಯತ್ಯಾಸ ಒಂದು ಇಮೇಲ್ ವಿಳಾಸ ಮಾತ್ರ. ಆನ್‌ಲೈನ್ ಅಂಗಡಿ, ಕೋರ್ಸ್ ಮಾರುವ ಸೈಟ್, ಸದಸ್ಯತ್ವದ ಸೈಟ್ ನಡೆಸುವವರು ಇದನ್ನು ಗಟ್ಟಿಯಾಗಿ ನೆನಪಿಡಿ.

ಒಂದೇ ಬಗೆಯ ದೋಷ ಮತ್ತೆ ಮತ್ತೆ ಬರುತ್ತಿದ್ದರೆ ಅದೂ ಸುಳಿವೇ. ವರ್ಷಕ್ಕೊಂದು ಸಲ ಎಕ್ಸ್‌ಎಸ್‌ಎಸ್ (ಹೊರಗಿನವರ ಸ್ಕ್ರಿಪ್ಟ್ ನಿಮ್ಮ ಪುಟದಲ್ಲಿ ಓಡುವ ದೋಷ) ಸಿಕ್ಕಿ, ಸಿಕ್ಕ ಜಾಗಕ್ಕೆ ಮಾತ್ರ ತೇಪೆ ಹಾಕಿ, ಪಕ್ಕದ ಫಾರ್ಮ್‌ನಲ್ಲಿ ಅದೇ ತಪ್ಪು ಉಳಿಸಿಕೊಂಡಿದ್ದರೆ ಆ ತಂಡ ಮೂಲಕ್ಕೆ ಕೈ ಹಾಕಿಲ್ಲ ಅಂತ ಅರ್ಥ.

ಭದ್ರತೆಗೆಂದೇ ಮಾಡಿದ ಪ್ಲಗಿನ್ ಆದರೂ ಇದೇ ಪರೀಕ್ಷೆ. ರಿಯಲಿ ಸಿಂಪಲ್ ಸೆಕ್ಯುರಿಟಿ 40 ಲಕ್ಷಕ್ಕೂ ಹೆಚ್ಚು ಸೈಟ್‌ಗಳಲ್ಲಿದ್ದ ಪ್ಲಗಿನ್. 2024ರ ನವೆಂಬರ್‌ನಲ್ಲಿ ಗೊತ್ತಾಗಿದ್ದೇನೆಂದರೆ, ಎರಡು ಹಂತದ ಲಾಗಿನ್ ಆನ್ ಮಾಡಿದ್ದ ಸೈಟ್‌ಗಳಿಗೆ ಪಾಸ್‌ವರ್ಡ್ ಇಲ್ಲದೆಯೇ ಯಾರ ಹೆಸರಿನಲ್ಲಿ ಬೇಕಾದರೂ ಒಳಗೆ ಹೋಗಬಹುದಿತ್ತು. ಕೋಡಿನಲ್ಲಿ ಪರಿಶೀಲನೆ ಇತ್ತು. ಅದು "ಇದು ತಪ್ಪು" ಅಂತ ಉತ್ತರವನ್ನೂ ಕೊಡುತ್ತಿತ್ತು. ಆ ಉತ್ತರವನ್ನು ಯಾರೂ ಕೇಳಿಸಿಕೊಳ್ಳದೆ ಮುಂದಿನ ಸಾಲು ಲಾಗಿನ್ ಮಾಡಿಸಿಬಿಡುತ್ತಿತ್ತು. ಬೇಲಿಯೇ ಎದ್ದು ಹೊಲ ಮೇಯ್ದ ಹಾಗೆ. ಆದರೂ ಆ ತಂಡದ ಬಗ್ಗೆ ನನಗೆ ಕೆಟ್ಟ ಅಭಿಪ್ರಾಯ ಇಲ್ಲ. ಬೇಗ ಸರಿಪಡಿಸಿದರು, ವಿವರ ಮುಚ್ಚಿಡಲಿಲ್ಲ, ವರ್ಡ್‌ಪ್ರೆಸ್ ಡಾಟ್ ಆರ್ಗ್ ಜೊತೆ ಸೇರಿ ಸೈಟ್‌ಗಳಿಗೆ ಬಲವಂತದ ಅಪ್‌ಡೇಟ್ ಕಳಿಸಿದರು. ನಾನು ಹುಡುಕುವ ಕೈ ಅಂದರೆ ಇಂಥದ್ದು.

ಸ್ವಲ್ಪ ಕೋಡ್

ಕೋಡ್ ಓದಲು ಬಾರದವರು ಎದ್ದು ಹೋಗಬೇಡಿ. ಇಲ್ಲಿ ಬೇಕಾಗುವುದು ಹುಡುಕುವ ಕೆಲಸ ಅಷ್ಟೇ. ಜಿಪ್ ಇಳಿಸಿಕೊಳ್ಳಿ, ಬಿಚ್ಚಿ, ಯಾವುದಾದರೂ ಎಡಿಟರ್‌ನಲ್ಲಿ ಇಡೀ ಫೋಲ್ಡರ್ ತೆರೆದು ಕೆಲವು ಪದಗಳನ್ನು ಹುಡುಕಿ.

ಮೊದಲ ಪದ 'ನೋಪ್ರಿವ್' (nopriv). ವರ್ಡ್‌ಪ್ರೆಸ್‌ನಲ್ಲಿ ಅಜಾಕ್ಸ್ ಕೆಲಸವನ್ನು (ಪುಟ ಮತ್ತೆ ತೆರೆಯದೆ ಹಿನ್ನೆಲೆಯಲ್ಲಿ ಸರ್ವರ್‌ಗೆ ಹೋಗುವ ಕೋರಿಕೆ) ಈ ಪದ ಸೇರಿಸಿ ನೋಂದಾಯಿಸಿದರೆ, ಲಾಗಿನ್ ಆಗದವರೂ ಅದನ್ನು ಕರೆಯಬಹುದು. ಅದೇನೂ ತಪ್ಪಲ್ಲ. ಸಂಪರ್ಕ ಫಾರ್ಮ್‌ಗೆ ಅದು ಬೇಕೇ ಬೇಕು. ಆದರೆ ಸಿಕ್ಕ ಒಂದೊಂದನ್ನೂ ಹಿಡಿದು, ಅದು ಯಾವ ಫಂಕ್ಷನ್‌ಗೆ ಹೋಗುತ್ತದೆ ಅಂತ ನೋಡಿ. ಆ ಫಂಕ್ಷನ್ ಸೆಟ್ಟಿಂಗ್ ಬದಲಾಯಿಸುತ್ತಿದೆಯಾ, ಫೈಲ್ ಬರೆಯುತ್ತಿದೆಯಾ, ಬಳಕೆದಾರರ ಮಾಹಿತಿ ಕೊಡುತ್ತಿದೆಯಾ? ಹೌದಾದರೆ ಅದು ಹೊರಗಿನವರಿಗೆ ಯಾಕೆ ತೆರೆದಿದೆ ಅಂತ ಕೇಳಬೇಕಾಗುತ್ತದೆ. ರೆಸ್ಟ್ ಎಪಿಐ ದಾರಿಗಳಲ್ಲೂ (ಬೇರೆ ಪ್ರೋಗ್ರಾಂಗಳು ಸೈಟಿನ ಜೊತೆ ಮಾತಾಡುವ ವಿಳಾಸಗಳು) ಇದೇ ಕಥೆ. ಅಲ್ಲಿ ಹುಡುಕಬೇಕಾದದ್ದು 'ಪರ್ಮಿಷನ್ ಕಾಲ್‌ಬ್ಯಾಕ್' (permission_callback). ಅದರ ಮುಂದೆ 'ರಿಟರ್ನ್ ಟ್ರೂ' (__return_true) ಅಂತ ಇದ್ದರೆ ಎಲ್ಲರಿಗೂ ಪ್ರವೇಶ ಇದೆ.

ಇದರ ಪರಿಣಾಮ ಹೇಗಿರುತ್ತದೆ ಅನ್ನುವುದಕ್ಕೆ 2018ರ ನವೆಂಬರ್‌ನ ಒಂದು ಘಟನೆ ಸಾಕು. ಡಬ್ಲ್ಯೂಪಿ ಜಿಡಿಪಿಆರ್ ಕಂಪ್ಲಯನ್ಸ್ ಅನ್ನುವ ಪ್ಲಗಿನ್, 1 ಲಕ್ಷಕ್ಕೂ ಹೆಚ್ಚು ಸೈಟ್‌ಗಳು. ಯುರೋಪಿನ ಖಾಸಗಿತನದ ಕಾನೂನು ಪಾಲಿಸಲು ಸಹಾಯ ಮಾಡುವುದು ಅದರ ಕೆಲಸ. ಅದರಲ್ಲಿ ಸೆಟ್ಟಿಂಗ್ ಉಳಿಸುವ ಒಂದು ಅಜಾಕ್ಸ್ ಕೆಲಸವಿತ್ತು. ಕರೆದವರಿಗೆ ಅದಕ್ಕೆ ಅಧಿಕಾರ ಇದೆಯಾ ಅಂತ ಅದು ನೋಡುತ್ತಿರಲಿಲ್ಲ. ತನ್ನ ಸ್ವಂತ ಸೆಟ್ಟಿಂಗ್ ಮಾತ್ರ ಬದಲಾಯಿಸಬೇಕು ಅನ್ನುವ ಕಟ್ಟುಪಾಡೂ ಇರಲಿಲ್ಲ. ದಾಳಿಕೋರರು ಎರಡೇ ಎರಡು ಸೆಟ್ಟಿಂಗ್ ಬದಲಾಯಿಸಿದರು. ಯಾರು ಬೇಕಾದರೂ ನೋಂದಣಿ ಮಾಡಿಕೊಳ್ಳಬಹುದು ಅನ್ನುವುದನ್ನು ಆನ್ ಮಾಡಿದರು. ಹೊಸಬರಿಗೆ ಸಿಗುವ ಹುದ್ದೆಯನ್ನು 'ಅಡ್ಮಿನಿಸ್ಟ್ರೇಟರ್' ಮಾಡಿದರು. ಆಮೇಲೆ ಮಾಮೂಲಿ ನೋಂದಣಿ ಪುಟಕ್ಕೆ ಹೋಗಿ ಖಾತೆ ತೆರೆದರು. ಒಳಗೆ ಬಂದ ಮೇಲೆ ಕೆಲವರು ಆ ಸೆಟ್ಟಿಂಗ್‌ಗಳನ್ನು ಮೊದಲಿನಂತೆ ಮಾಡಿಟ್ಟರು, ಬೇರೆ ಕಳ್ಳರು ಬಾರದಿರಲಿ ಅಂತ! 1.4.3 ಆವೃತ್ತಿಯಲ್ಲಿ ಇದು ಸರಿಯಾಯಿತು.

ಅಲ್ಲಿ ಕಾಣೆಯಾಗಿದ್ದದ್ದು 'ಕರೆಂಟ್ ಯೂಸರ್ ಕ್ಯಾನ್' (current_user_can) ಅನ್ನುವ ಒಂದು ಪರಿಶೀಲನೆ. ಬದಲಾವಣೆ ಮಾಡುವ ಪ್ರತಿ ಫಂಕ್ಷನ್‌ನ ಮೊದಲ ಕೆಲವು ಸಾಲುಗಳಲ್ಲಿ ಅದು ಇರಬೇಕು. ಅದರ ಜಾಗದಲ್ಲಿ ಎರಡು ನಕಲಿ ಕಾವಲುಗಾರರು ಆಗಾಗ ಸಿಗುತ್ತಾರೆ. ಒಂದು 'ನಾನ್ಸ್' (nonce, ಪುಟದ ಜೊತೆ ಇಡುವ ಗುಪ್ತ ಸಂಕೇತ) ಪರಿಶೀಲನೆ. ಕೋರಿಕೆ ನಿಮ್ಮ ಸೈಟಿನ ಪುಟದಿಂದಲೇ ಬಂತಾ ಅಂತ ಮಾತ್ರ ಅದು ನೋಡುತ್ತದೆ. ಕಳಿಸಿದವರಿಗೆ ಅಧಿಕಾರ ಇದೆಯಾ ಅಂತ ನೋಡುವುದಿಲ್ಲ. ಎರಡೂ ಬೇಕು. ಇನ್ನೊಂದು 'ಈಸ್ ಅಡ್ಮಿನ್' (is_admin). ಹೆಸರು ನೋಡಿದರೆ ಅಡ್ಮಿನ್ ಹೌದೋ ಅಲ್ಲವೋ ಅಂತ ಕೇಳುವ ಹಾಗಿದೆ. ನಿಜವಾಗಿ ಅದು ಕೇಳುವುದು, ಈ ಕೋರಿಕೆ ಅಡ್ಮಿನ್ ಭಾಗದ ಪುಟಕ್ಕೆ ಬಂದಿದೆಯಾ ಅಂತ. ಅಜಾಕ್ಸ್ ಕೋರಿಕೆಗಳೆಲ್ಲ ಆ ಭಾಗಕ್ಕೇ ಹೋಗುವುದರಿಂದ, ಲಾಗಿನ್ ಆಗದ ದಾರಿಹೋಕರಿಗೂ ಅದು "ಹೌದು" ಅನ್ನುತ್ತದೆ. ಅಧಿಕಾರ ಪರೀಕ್ಷೆಗೆ ಇದನ್ನು ಬಳಸಿದ ಪ್ಲಗಿನ್ ಕಂಡರೆ ನಾನು ಫೋಲ್ಡರ್ ಮುಚ್ಚಿಬಿಡುತ್ತೇನೆ.

ಬೇರೆ ಹುಡುಕಾಟಗಳನ್ನು ಬೇಗ ಹೇಳುತ್ತೇನೆ. 'ಇವ್ಯಾಲ್' (eval), 'ಬೇಸ್64 ಡಿಕೋಡ್' (base64_decode), 'ಜಿಜೆಡ್ ಇನ್‌ಫ್ಲೇಟ್' (gzinflate) ಮೂರೂ ಒಂದರೊಳಗೊಂದು ಸೇರಿಕೊಂಡು, ಓದಲಾಗದ ಉದ್ದನೆಯ ಅಕ್ಷರಗಳ ಸಾಲು ಇದ್ದರೆ ಏನನ್ನೋ ಅಡಗಿಸಿದ್ದಾರೆ. ಬೇಸ್64 ಒಂದೇ ಇದ್ದರೆ ಗಾಬರಿ ಬೇಡ, ಚಿತ್ರಕ್ಕೂ ಇಮೇಲ್‌ಗೂ ಬಳಸುತ್ತಾರೆ. ಡೇಟಾಬೇಸ್ ಕ್ವೆರಿಗಳಲ್ಲಿ 'ಪ್ರಿಪೇರ್' (prepare) ಇಲ್ಲದೆ, ಬಳಕೆದಾರರು ಕಳಿಸಿದ ಪದವನ್ನು ನೇರವಾಗಿ ಅಂಟಿಸಿದ್ದರೆ ಎಸ್‌ಕ್ಯುಎಲ್ ಇಂಜೆಕ್ಷನ್‌ಗೆ (ಹೊರಗಿನವರು ಡೇಟಾಬೇಸಿಗೆ ತಮ್ಮ ಆಜ್ಞೆ ತೂರಿಸುವುದು) ದಾರಿ. ಪುಟಕ್ಕೆ ಬರೆಯುವ ಜಾಗದಲ್ಲಿ 'ಎಸ್ಕೇಪ್' ಮಾಡುವ, ಅಂದರೆ ಹೊರಗಿಂದ ಬಂದ ಅಕ್ಷರಗಳನ್ನು ನಿರಪಾಯ ಮಾಡುವ ಫಂಕ್ಷನ್‌ಗಳು ಎಲ್ಲೂ ಕಾಣದಿದ್ದರೆ ಎಕ್ಸ್‌ಎಸ್‌ಎಸ್‌ಗೆ ದಾರಿ. ಇದನ್ನೆಲ್ಲ ಕೈಯಲ್ಲೇ ಮಾಡಬೇಕಿಲ್ಲ. ಪ್ಲಗಿನ್ ಚೆಕ್ ಅಂತ ವರ್ಡ್‌ಪ್ರೆಸ್‌ನವರದೇ ಒಂದು ಪ್ಲಗಿನ್ ಇದೆ, ಪರೀಕ್ಷಾ ಸೈಟಿನಲ್ಲಿ ಅದನ್ನು ಓಡಿಸಿದರೆ ಇಂಥ ಬಹಳಷ್ಟನ್ನು ತೋರಿಸುತ್ತದೆ. ಸುಳ್ಳು ಎಚ್ಚರಿಕೆಗಳೂ ಇರುತ್ತವೆ, ಆದರೂ ಒಟ್ಟಾರೆ ಶಿಸ್ತು ಹೇಗಿದೆ ಅಂತ ಗೊತ್ತಾಗುತ್ತದೆ.

ಲೇಖಕರು ಬೇರೆ ಕಡೆಯಿಂದ ತಂದು ಸೇರಿಸಿದ ಲೈಬ್ರರಿಗಳನ್ನು (ಬೇರೆಯವರು ಬರೆದಿಟ್ಟ ಸಿದ್ಧ ಕೋಡ್) ಮಾತ್ರ ಮರೆಯಬೇಡಿ. 2020ರ ಸೆಪ್ಟೆಂಬರ್‌ನಲ್ಲಿ ಡಬ್ಲ್ಯೂಪಿ ಫೈಲ್ ಮ್ಯಾನೇಜರ್ ಮೂಲಕ ದೊಡ್ಡ ದಾಳಿ ನಡೆಯಿತು. 7 ಲಕ್ಷ ಸೈಟ್‌ಗಳಲ್ಲಿದ್ದ ಪ್ಲಗಿನ್ ಅದು. ಅದರೊಳಗೆ ಎಲ್‌ಫೈಂಡರ್ ಎಂಬ ಲೈಬ್ರರಿ ಇತ್ತು. ಆ ಲೈಬ್ರರಿಯ ಜೊತೆ ಮಾದರಿಗೆಂದು ಒಂದು ಫೈಲ್ ಬರುತ್ತದೆ. ನೇರವಾಗಿ ಓಡದಿರಲಿ ಅಂತಲೇ ಅದರ ಹೆಸರಿನ ಕೊನೆಗೆ 'ಡಿಸ್ಟ್' ಅಂತ ಸೇರಿಸಿದ್ದರು. ಪ್ಲಗಿನ್‌ನವರು ಆ ಬಾಲ ತೆಗೆದು ಪಿಎಚ್‌ಪಿ ಫೈಲ್ ಮಾಡಿಟ್ಟರು. ಅಲ್ಲಿಂದಾಚೆಗೆ ಆ ಫೈಲಿನ ವಿಳಾಸ ಗೊತ್ತಿದ್ದವರೆಲ್ಲ ಲಾಗಿನ್ ಇಲ್ಲದೆಯೇ ಸರ್ವರ್‌ಗೆ ಫೈಲ್ ಹಾಕಬಹುದಿತ್ತು. ಈ ಕೋರಿಕೆ ವರ್ಡ್‌ಪ್ರೆಸ್ ಮೂಲಕ ಹೋಗುತ್ತಲೇ ಇರಲಿಲ್ಲ, ನೇರ ಆ ಫೈಲಿಗೆ ಹೋಗುತ್ತಿತ್ತು. ಹಾಗಾಗಿ ಪ್ಲಗಿನ್ ಡಿಆಕ್ಟಿವೇಟ್ ಮಾಡಿಟ್ಟಿದ್ದರೂ ಪ್ರಯೋಜನವಿಲ್ಲ. ಬಳಸದ ಪ್ಲಗಿನ್ ಅಳಿಸಿಹಾಕಿ ಅಂತ ಹೇಳುವುದು ಇದಕ್ಕೇ. ಡಿಆಕ್ಟಿವೇಟ್ ಆದದ್ದೂ ಡಿಸ್ಕಿನ ಮೇಲೆ ಇದ್ದೇ ಇರುತ್ತದೆ.

ಹಾಕಿ ನೋಡುವುದು

ಅಸಲಿ ಸೈಟಿನಲ್ಲಿ ಪ್ರಯೋಗ ಬೇಡ. ಸ್ಟೇಜಿಂಗ್ ಪ್ರತಿ (ಪರೀಕ್ಷೆಗೆಂದು ಇಟ್ಟ ಸೈಟಿನ ನಕಲು) ಇದ್ದರೆ ಅಲ್ಲಿ. ಇಲ್ಲದಿದ್ದರೆ ವರ್ಡ್‌ಪ್ರೆಸ್ ಪ್ಲೇಗ್ರೌಂಡ್ ಇದೆ. ಅದು ನಿಮ್ಮ ಬ್ರೌಸರ್‌ನೊಳಗೇ ಇಡೀ ವರ್ಡ್‌ಪ್ರೆಸ್ ಓಡಿಸುತ್ತದೆ, ಟ್ಯಾಬ್ ಮುಚ್ಚಿದರೆ ಮುಗಿಯಿತು. ಸ್ಟೇಜಿಂಗ್‌ನಲ್ಲಿ ಕ್ವೆರಿ ಮಾನಿಟರ್ ಅನ್ನುವ ಪ್ಲಗಿನ್ ಹಾಕಿಕೊಂಡರೆ ಹೊಸ ಪ್ಲಗಿನ್ ಯಾವ ಯಾವ ಹೊರಗಿನ ಸರ್ವರ್‌ಗೆ ಕರೆ ಮಾಡುತ್ತಿದೆ ಅಂತ ಕಾಣುತ್ತದೆ. ಚಿತ್ರದ ಗಾತ್ರ ಇಳಿಸುವ ಪ್ಲಗಿನ್ ತನ್ನ ಸರ್ವರ್‌ಗೆ ಚಿತ್ರ ಕಳಿಸಿದರೆ ಅದು ಅದರ ಕೆಲಸ. ಗಡಿಯಾರ ತೋರಿಸುವ ಪ್ಲಗಿನ್ ಅಡ್ಮಿನ್ ಇಮೇಲ್ ಎಲ್ಲಿಗೋ ಕಳಿಸುತ್ತಿದ್ದರೆ ತೆಗೆಯಿರಿ. ಒಪ್ಪಿಗೆ ಕೇಳದೆ ಹಾಗೆ ಮಾಡುವುದು ಡೈರೆಕ್ಟರಿಯ ನಿಯಮಕ್ಕೂ ವಿರುದ್ಧ.

ಪ್ಲಗಿನ್ ಎಲ್ಲಿ ಲಾಗ್ (ತಾನು ಮಾಡಿದ್ದರ ದಾಖಲೆ) ಬರೆಯುತ್ತದೆ ಅಂತಲೂ ನೋಡಿ. 2020ರಲ್ಲಿ ಇಮೇಲ್ ಕಳಿಸುವ ಈಸಿ ಡಬ್ಲ್ಯೂಪಿ ಎಸ್‌ಎಂಟಿಪಿ ಪ್ಲಗಿನ್ ಎಡವಿದ್ದು ಅಲ್ಲೇ. ಡಿಬಗ್ ಲಾಗ್ ಆನ್ ಮಾಡಿದ್ದರೆ, ಕಳಿಸಿದ ಇಮೇಲ್‌ಗಳನ್ನೆಲ್ಲ ತನ್ನ ಫೋಲ್ಡರ್‌ನಲ್ಲೇ ಒಂದು ಫೈಲಿಗೆ ಬರೆಯುತ್ತಿತ್ತು. ದಾಳಿಕೋರರು ಅಡ್ಮಿನ್ ಹೆಸರಿನಲ್ಲಿ "ಪಾಸ್‌ವರ್ಡ್ ಮರೆತಿದ್ದೇನೆ" ಒತ್ತುತ್ತಿದ್ದರು, ಆ ಫೈಲ್ ತೆರೆದು ಹೊಸ ಪಾಸ್‌ವರ್ಡ್ ಇಡುವ ಲಿಂಕ್ ಎತ್ತಿಕೊಳ್ಳುತ್ತಿದ್ದರು.

ದುಡ್ಡು ಕೊಟ್ಟು ಕೊಳ್ಳುವ ಪ್ಲಗಿನ್‌ಗಳ ಬಗ್ಗೆ ಒಬ್ಬರು ನಡುವೆ ಕೇಳಿದರು, "ಅವು ಹೆಚ್ಚು ಸುರಕ್ಷಿತ ಅಲ್ವಾ?" ಅಂತ. ಹಾಗೇನೂ ಇಲ್ಲ. ಲೇಖಕರಿಗೆ ಆದಾಯ ಇರುವುದರಿಂದ ಬಿಟ್ಟುಹೋಗುವ ಸಾಧ್ಯತೆ ಕಡಿಮೆ, ಅದು ಒಳ್ಳೆಯದು. ಆದರೆ ಅವರ ಸರ್ವರ್ ಒಡೆದರೆ ಅಲ್ಲಿಂದ ಬರುವ ಜಿಪ್ ಕೂಡ ಕೆಟ್ಟಿರುತ್ತದೆ. ಆಕ್ಸೆಸ್‌ಪ್ರೆಸ್ ಥೀಮ್ಸ್ ಎಂಬ ಕಂಪನಿಗೆ 2021ರಲ್ಲಿ ಹಾಗೇ ಆಯಿತು. ಅವರ ವೆಬ್‌ಸೈಟಿನಲ್ಲಿದ್ದ 40 ಥೀಮ್ ಮತ್ತು 53 ಪ್ಲಗಿನ್‌ಗಳಲ್ಲಿ ಹಿಂಬಾಗಿಲು ಸೇರಿತ್ತು. 2022ರ ಜನವರಿಯಲ್ಲಿ ಅದು ಸುದ್ದಿಯಾಯಿತು. ಇನ್ನು ದುಡ್ಡಿನ ಪ್ಲಗಿನ್‌ನ 'ನಲ್ಡ್' ಪ್ರತಿ (ಲೈಸೆನ್ಸ್ ಮುರಿದ ಕಳ್ಳ ಪ್ರತಿ) ಬಿಟ್ಟಿಯಾಗಿ ಸಿಗುತ್ತದೆ ಅಂತ ಹಾಕುವವರಿಗೆ ನಾನು ಹೇಳುವುದು ಏನೂ ಇಲ್ಲ. ಡಬ್ಲ್ಯೂಪಿ-ವಿಸಿಡಿ ಎಂಬ ಮಾಲ್‌ವೇರ್ ವರ್ಷಗಟ್ಟಲೆ ಹರಡಿದ್ದೇ ಅಂಥ ಪ್ರತಿಗಳ ಮೂಲಕ.

ಕೊನೆಗೆ ಬಂದ ಎರಡು ಪ್ರಶ್ನೆ

"ಆಟೋ ಅಪ್‌ಡೇಟ್ ಇಡಬೇಕಾ, ಬೇಡವಾ? ಕೆಟ್ಟ ಅಪ್‌ಡೇಟ್ ಬರಬಹುದು ಅಂತ ನೀವೇ ಹೇಳಿದಿರಲ್ಲ?"

ಪ್ರಶ್ನೆ ಸರಿಯಾಗಿದೆ. ಎರಡೂ ಕಡೆ ಅಪಾಯ ಇದೆ, ಆದರೆ ಸಮಾನವಾಗಿಲ್ಲ. ಮಾಲೀಕರು ಕೆಟ್ಟ ಅಪ್‌ಡೇಟ್ ಬಿಡುವುದು ಅಪರೂಪ. ಗೊತ್ತಿರುವ ದೋಷವನ್ನು ಹುಡುಕಿಕೊಂಡು ಬಾಟ್‌ಗಳು ಸೈಟಿಂದ ಸೈಟಿಗೆ ಅಲೆಯುವುದು ದಿನನಿತ್ಯದ ಮಾತು. ಹಾಗಾಗಿ ಸೈಟನ್ನು ದಿನಾ ನೋಡುವವರಿಲ್ಲ ಅಂತಾದರೆ ಆಟೋ ಅಪ್‌ಡೇಟ್ ಆನ್ ಇರಲಿ. 2020ರಲ್ಲಿ ಬಂದ 5.5 ಆವೃತ್ತಿಯಿಂದ ಪ್ಲಗಿನ್‌ಗಳಿಗೂ ಅದು ಡ್ಯಾಶ್‌ಬೋರ್ಡ್‌ನಲ್ಲೇ ಇದೆ. ಸ್ಟೇಜಿಂಗ್ ಇಟ್ಟುಕೊಂಡು ನಿಗಾ ಮಾಡುವ ತಂಡ ಇದ್ದರೆ ಮಾಮೂಲಿ ಅಪ್‌ಡೇಟನ್ನು ಒಂದೆರಡು ದಿನ ತಡೆದು, ಭದ್ರತೆಯದ್ದನ್ನು ಅವತ್ತೇ ಹಾಕಿ. ಎರಡೂ ಸಂದರ್ಭದಲ್ಲಿ ಬ್ಯಾಕಪ್ ಬೇರೆ ಸರ್ವರ್‌ನಲ್ಲಿರಲಿ. ಅದೇ ಸರ್ವರ್‌ನ ಫೋಲ್ಡರ್‌ನಲ್ಲಿಟ್ಟ ಬ್ಯಾಕಪ್‌ಗೆ ನಾನು ಆಗಲೇ ಹೇಳಿದ ಅಧಿಕಾರವೆಲ್ಲ ಅನ್ವಯಿಸುತ್ತದೆ, ಪ್ಲಗಿನ್ ಅದನ್ನೂ ಮುಟ್ಟಬಹುದು.

"ನಮ್ಮಲ್ಲಿ ಆಗಲೇ ನಲವತ್ತು ಪ್ಲಗಿನ್ ಇವೆ. ಎಲ್ಲಿಂದ ಶುರು ಮಾಡಲಿ?"

ಡಿಆಕ್ಟಿವೇಟ್ ಆಗಿ ಬಿದ್ದಿರುವುದನ್ನು ಇವತ್ತೇ ಅಳಿಸಿ, ಅದಕ್ಕೆ ಯೋಚನೆ ಬೇಡ. ಆಮೇಲೆ ಬಹಳ ದಿನದಿಂದ ಅಪ್‌ಡೇಟ್ ಬಾರದವುಗಳ ಪುಟವನ್ನು ಒಂದೊಂದಾಗಿ ತೆರೆದು 'ಕ್ಲೋಸ್ಡ್' ಅಂತ ಇದೆಯಾ ನೋಡಿ. ಮೂರನೆಯದಾಗಿ ಫೈಲ್ ಅಪ್‌ಲೋಡ್, ಲಾಗಿನ್, ನೋಂದಣಿ, ಪಾವತಿ ಇವುಗಳಲ್ಲಿ ಕೈಯಾಡಿಸುವ ಪ್ಲಗಿನ್‌ಗಳನ್ನು ದೋಷಗಳ ಪಟ್ಟಿಯಲ್ಲಿ ಹುಡುಕಿ. ಮಿಕ್ಕವು ಕಾಯಬಹುದು. ಯಾಕೆ ಹಾಕಿದ್ದು ಅಂತ ಯಾರಿಗೂ ನೆನಪಿಲ್ಲದ ಪ್ಲಗಿನ್ ಒಂದಾದರೂ ಸಿಗುತ್ತದೆ. ಅದನ್ನು ಮೊದಲು ಸ್ಟೇಜಿಂಗ್‌ನಲ್ಲಿ ತೆಗೆದು ನೋಡಿ, ಏನೂ ಕೆಡದಿದ್ದರೆ ಅಸಲಿ ಸೈಟಿನಿಂದಲೂ ತೆಗೆಯಿರಿ. ತೆಗೆದ ಮೇಲೆ ಬಳಕೆದಾರರ ಪಟ್ಟಿಗೆ ಹೋಗಿ, ಅಡ್ಮಿನ್ ಅಂತ ಇರುವ ಹೆಸರುಗಳನ್ನು ಒಂದು ಸಲ ಓದಿ. ಪ್ಲಗಿನ್ ಅಳಿಸಿದರೂ ಅದು ಮಾಡಿಟ್ಟ ಖಾತೆ ತಾನಾಗಿ ಹೋಗುವುದಿಲ್ಲ.